ಗೆರೆ ಬೀಳದ ಆಟಗಾರ್ತಿ

ಕರಿಹಲಗೆಯ ಮೇಲೆ ನಮ್ಮ ಹತ್ತು ಜನರ ಹೆಸರುಗಳಿದ್ದವು. ಒಂಬತ್ತು ಹೆಸರುಗಳ ಮುಂದೆ ಸೀಮೆಸುಣ್ಣದ ಗೆರೆಗಳು. ನಾಲ್ಕು ನಿಂತ ಗೆರೆ, ಅವಕ್ಕೆ ಅಡ್ಡವಾಗಿ ಐದನೆಯದು, ಕಟ್ಟಿ ಇಟ್ಟ ಕಟ್ಟಿಗೆ ಹೊರೆಗಳ ಹಾಗೆ ಕಾಣುತ್ತಿದ್ದವು. ನನ್ನ ಹೆಸರಿನ ಮುಂದೆ ಏನೂ ಇರಲಿಲ್ಲ. ಪಿ.ಟಿ. ಮಾಷ್ಟ್ರು ಸೀಮೆಸುಣ್ಣ ಹಿಡಿದ ಕೈಯಿಂದಲೇ ಆ ಖಾಲಿ ಜಾಗವನ್ನು ತೋರಿಸಿದರು.

"ಸಣ್ಣ ಟೀಚರನ್ನ ಕಾಣಿ. ಇಷ್ಟ್ ದಿನ ಆಯ್ತ್, ಒಂದ್ ತಪ್ಪಿಲ್ಲ."

ನಾನು ತಲೆ ತಗ್ಗಿಸಿ ನಕ್ಕೆ. ಆ ನಗು ನೆನಪಾದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಅದು ಎರಡು ಸಾವಿರದ ಮೂರನೆಯ ಇಸವಿಯೋ ನಾಲ್ಕನೆಯದೋ, ಖಚಿತವಾಗಿ ಹೇಳಲಾರೆ. ಆಗಸ್ಟ್ ತಿಂಗಳು ಎಂಬುದು ಮಾತ್ರ ನಿಜ. ಸೆಪ್ಟೆಂಬರಿನ ಶಿಕ್ಷಕರ ದಿನಕ್ಕೆ ಮುಂಚೆ ಮಾಷ್ಟ್ರುಗಳಿಗೂ ಟೀಚರುಗಳಿಗೂ ಆಟೋಟ ಸ್ಪರ್ಧೆ ನಡೆಯುತ್ತಿತ್ತು. ಹೆಂಗಸರಿಗೆ ತ್ರೋಬಾಲ್. ನಮ್ಮ ಬೈಂದೂರು ಕಡೆಯ ಶಾಲೆಗಳಿಂದ ಆಡಬಲ್ಲ ಹತ್ತು ಜನ ಹೆಮ್ಮಾಡಿಯ ಹತ್ತಿರದ ಒಂದು ಹೈಸ್ಕೂಲು ಮೈದಾನದಲ್ಲಿ ಶಾಲೆ ಬಿಟ್ಟ ಮೇಲೆ ಸೇರುತ್ತಿದ್ದೆವು. ಸೀರೆಯನ್ನು ತರಗತಿಯ ಬೆಂಚಿನ ಮೇಲೆ ಮಡಚಿಟ್ಟು ಚೂಡಿದಾರ ಹಾಕಿಕೊಂಡು, ವೇಲನ್ನು ಸೊಂಟಕ್ಕೆ ಬಿಗಿದು, ಬರಿಗಾಲಲ್ಲಿ ಇಳಿಯುತ್ತಿದ್ದೆವು. ಆಟ ಸುಲಭ. ಬಲೆಯ ಮೇಲಿಂದ ಬಂದ ಚೆಂಡನ್ನು ಎರಡೂ ಕೈಯಲ್ಲಿ ಹಿಡಿದು, ನಿಂತಲ್ಲಿಂದಲೇ ತಡಮಾಡದೆ ಆಚೆಗೆ ಎಸೆಯಬೇಕು. ನೆಲಕ್ಕೆ ಬಿದ್ದರೆ ಅಂಕ ಎದುರಿನವರಿಗೆ. ಇಬ್ಬರು ಒಟ್ಟಿಗೆ ಹಿಡಿದರೂ ಅಂಕ ಅವರಿಗೇ. ಆಡುವವರು ಏಳು ಜನ, ಉಳಿದ ಮೂವರು ಹೊರಗೆ ಕೂತಿರಬೇಕು.

ಆ ಹತ್ತು ಜನರಲ್ಲಿ ನಮ್ಮ ಶಾಲೆಯವರು ಇಬ್ಬರು. ನಮ್ಮದು ವಂಡ್ಸೆಯಿಂದ ಇನ್ನೂ ಒಳಗಿನ ಶಾಲೆ. ಅಲ್ಲಿಯ ಮಕ್ಕಳು ನನಗಿಂತ ಹಿರಿಯರಾದ ಇನ್ನೊಬ್ಬರನ್ನು ದೊಡ್ಡ ಟೀಚರ್ ಎಂದೂ ನನ್ನನ್ನು ಸಣ್ಣ ಟೀಚರ್ ಎಂದೂ ಕರೆಯುತ್ತಿದ್ದರು. ಆಟದಲ್ಲೂ ಅದೇ ಹೆಸರು ಉಳಿಯಿತು. ನಾನು ಕೆಲಸಕ್ಕೆ ಸೇರಿದ ದಿನ ಹಾಜರಿ ಕರೆಯುವುದು ಹೇಗೆಂದು ಹೇಳಿಕೊಟ್ಟವರು ಅವರು. ಅವರು ಕೂರದೆ ನಾನು ಕೂತದ್ದಿಲ್ಲ. ಚಾ ಬಂದರೆ ಮೊದಲ ಲೋಟ ಅವರಿಗೆ. ಸಂಜೆ ಹೆಮ್ಮಾಡಿಯಲ್ಲಿ ಬಸ್ಸು ಹತ್ತಿದರೆ ಕಿಟಕಿಯ ಬದಿ ಅವರಿಗೆ. ಅವರು ನಾವುಂದದಲ್ಲಿ ಇಳಿದ ಮೇಲೆ ನಾನು ಬೈಂದೂರಿನವರೆಗೆ ಆ ಸೀಟಿಗೆ ಸರಿಯುತ್ತಿದ್ದೆ. ಇದನ್ನು ನನಗೆ ಯಾರೂ ಕಲಿಸಿರಲಿಲ್ಲ. ನಮ್ಮಲ್ಲಿ ಕಿರಿಯರು ಹೀಗೆಯೇ ಇರುವುದು.

ಮುಂದಿನ ಮೇ ತಿಂಗಳಿಗೆ ದೊಡ್ಡ ಟೀಚರಿಗೆ ನಿವೃತ್ತಿ. ವಯಸ್ಸಾದವರಿಗೆಂದು ನಡಿಗೆಯ ಸ್ಪರ್ಧೆ ಬೇರೆ ಇತ್ತು, ಅದಕ್ಕೆ ಹೆಸರು ಕೊಡಿ ಎಂದು ಯಾರೋ ಹೇಳಿದರು.

"ನಡೂಕೆ ಎಂತಕ್ ಸ್ಪರ್ಧೆ? ದಿನಾ ಶಾಲಿಗ್ ನಡಿತಿಲ್ವಾ?" ಎಂದರು ಅವರು. "ಈ ಒಂದ್ ಸಲ ಚೆಂಡ್ ಆಡ್ತೆ. ಆಮೇಲ್ ಹ್ಯಾಂಗೂ ಮೊಮ್ಮಕ್ಕಳ್ ಒಟ್ಟಿಗೆ ಆಡುದ್ ಇತ್ತಲೆ."

ಅವರಿಗೆ ಬೇಕಾಗಿದ್ದದ್ದು ಅಷ್ಟೇ, ಕೊನೆಯ ವರ್ಷ ಆ ಏಳು ಜನರಲ್ಲಿ ಒಂದು ಜಾಗ.

ಹಿಂದಿನ ವರ್ಷ ನಾವು ಬ್ರಹ್ಮಾವರದವರ ಎದುರು ಮೊದಲ ಆಟದಲ್ಲೇ ಸೋತು ಬಂದಿದ್ದೆವು. ಬರುವಾಗ ಬಸ್ಸಿನಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು, ಚೆಂಡೆಲ್ಲ ಹಿಂದಿನ ಮೂಲೆಯಲ್ಲೇ ಬಿತ್ತು ಎಂದು. ಹಿಂದಿನ ಸಾಲಿನ ಎಡ ಮೂಲೆ ದೊಡ್ಡ ಟೀಚರದ್ದು. ಅವರ ಪಕ್ಕದ ಜಾಗ ನನ್ನದು. ಈ ವರ್ಷ ಅಭ್ಯಾಸ ಶುರುವಾದ ದಿನವೇ ಅದೇ ಮಾತು ಮತ್ತೆ ಎದ್ದಾಗ ಪಿ.ಟಿ. ಮಾಷ್ಟ್ರು, "ಬಾಯಲ್ ಹೇಳುದ್ ಬ್ಯಾಡ. ಬರ್ದ್ ಕಾಂಬ" ಎಂದು ಎಂಟನೆಯ ತರಗತಿಯ ಹಲಗೆಯನ್ನು ತಂದು ಜಗಲಿಯ ಕಂಬಕ್ಕೆ ಒರಗಿಸಿದರು. ಚೆಂಡು ಕೈಜಾರಿದರೆ, ಕೈಗೆಟುಕದೆ ಬಿದ್ದರೆ ಒಂದು ಗೆರೆ, ಹಿಡಿದು ತಡಮಾಡಿದರೆ ಒಂದು, ಬಲೆಗೆ ಹೊಡೆದರೆ ಒಂದು, ಹೊರಗೆ ಹೋದರೆ ಒಂದು. ಪ್ರತಿ ಗೆರೆಯ ತಲೆಯ ಮೇಲೆ ಅದು ಯಾವ ತಪ್ಪು ಎಂದು ಒಂದು ಅಕ್ಷರ.

ಆ ಹಲಗೆ ನಮಗೆ ನಮ್ಮನ್ನು ತೋರಿಸಿಕೊಟ್ಟಿತು ಎಂದರೆ ತಪ್ಪಲ್ಲ. ನಮ್ಮ ನಾಯಕಿ ಗಟ್ಟಿ ತೋಳಿನ ಹೆಂಗಸು, ಅವಳ ಸರ್ವಿಸೇ ನಮ್ಮ ಬಲ ಎಂದು ಎಲ್ಲರೂ ನಂಬಿದ್ದೆವು. ಗೆರೆಗಳನ್ನು ನೋಡಿದರೆ ಅವಳ ತಪ್ಪುಗಳಲ್ಲಿ ಹೆಚ್ಚಿನವು ಜೋರಾಗಿ ಎಸೆದು ಗಡಿ ದಾಟಿ ಹೊರಗೆ ಬಿದ್ದವು. ಹಗುರವಾಗಿ ಎಸೆದವುಗಳಿಗೆ ಗೆರೆಯೇ ಬಿದ್ದಿರಲಿಲ್ಲ.

"ನಿಮ್ ಜೋರೆಲ್ಲ ಕಾಂಬವರಿಗ್ ಮಾತ್ರ" ಎಂದರು ಮಾಷ್ಟ್ರು.

"ಹಾಂಗಾರೆ ನೀವ್ ಕಣ್ ಮುಚ್ಕಣಿ, ನಾ ಹಗೂರ ಎಸಿತೆ" ಎಂದಳು ಅವಳು. ಆದರೆ ಮರುದಿನದಿಂದ ಹಗುರವಾಗಿಯೇ ಎಸೆದಳು, ಅವಳ ಗೆರೆಗಳು ಅರ್ಧಕ್ಕಿಳಿದವು. ಬಲೆಯ ಹತ್ತಿರ ನಿಲ್ಲುತ್ತಿದ್ದ ಇನ್ನೊಬ್ಬಳು ಚೆಂಡನ್ನು ಹಿಡಿದು ಯೋಚಿಸುತ್ತ ನಿಲ್ಲುತ್ತಾಳೆ ಎಂಬುದೂ ಹಲಗೆಯಿಂದಲೇ ಗೊತ್ತಾದದ್ದು. ನಮ್ಮ ಆಟ ದಿನದಿನಕ್ಕೆ ಬಿಗಿಯಾಯಿತು. ಹಾಗಾಗಿ ಎಲ್ಲರೂ ಹಲಗೆಯನ್ನು ನಂಬಿದೆವು. ನಾನಂತೂ ತುಂಬ ನಂಬಿದೆ, ಏಕೆಂದರೆ ಅದು ನನ್ನನ್ನು ಹೊಗಳುತ್ತಿತ್ತು. ಮನೆಗೆ ಹೋಗಿ ಗಂಡನಿಗೂ ಹೇಳಿಕೊಂಡಿದ್ದೆ.

ಏಳು ಜನರನ್ನು ಆರಿಸಿ ಆಫೀಸಿಗೆ ಪಟ್ಟಿ ಕಳಿಸಬೇಕಾದ ಹಿಂದಿನ ಸಂಜೆಯೇ ಮಾಷ್ಟ್ರು ನನ್ನ ಖಾಲಿ ಜಾಗವನ್ನು ತೋರಿಸಿದ್ದು. ಎಲ್ಲರಿಗಿಂತ ಉದ್ದದ ಸಾಲು ದೊಡ್ಡ ಟೀಚರದ್ದು, ಅದರಲ್ಲಿ ಹೆಚ್ಚಿನವು ಹಿಂದಿನ ಮೂಲೆಯಲ್ಲಿ ಬಿದ್ದ ಚೆಂಡುಗಳು. ಅದನ್ನು ಯಾರೂ ಓದಿ ಹೇಳಬೇಕಾಗಿರಲಿಲ್ಲ.

"ನಂಗ್ ಕಣ್ಣಿಲ್ಲಾಂತ ಮಾಡ್ಕಂಡ್ರ್ಯಾ?" ಎಂದರು ದೊಡ್ಡ ಟೀಚರೇ. "ನಾ ಹೊರಗ್ ಕೂತ್ಕಂತೆ. ಸಣ್ಣ್ ಪ್ರಾಯದವ್ರ್ ಆಡ್ಲಿ. ನೀರ್ ಕೊಡುಕೆ ಒಬ್ರ್ ಬೇಕಲೆ."

ಯಾರೋ ನಕ್ಕರು. ಅವರ ಜಾಗಕ್ಕೆ ತ್ರಾಸಿ ಕಡೆಯ ಒಬ್ಬ ಟೀಚರ್ ಬಂದಳು. ದೊಡ್ಡ ಟೀಚರ ಹೆಸರು ಹೊರಗೆ ಕೂರುವ ಮೂವರಲ್ಲಿ ಸೇರಿತು.

ಆ ಸಂಜೆ ಬಸ್ಸಿನಲ್ಲಿ ಎಂದಿನಂತೆ ಅವರು ಕಿಟಕಿಯ ಬದಿ, ನಾನು ಪಕ್ಕ. ಮರವಂತೆ ಬಂತು. ಎಡಗಡೆ ಕಡಲು ಕಪ್ಪಾಗಿ ಕುದಿಯುತ್ತಿತ್ತು. ಅವರು ಸೆರಗಿನಿಂದ ಮುಖ ಒರೆಸಿಕೊಂಡು, ಮಗಳನ್ನು ಕರೆಯುವ ಸಲಿಗೆಯಲ್ಲಿ, "ಹೆಣೆ, ಮುಂಚೆ ಚೆಂಡ್ ಬಪ್ಪುದ್ ಕಾಂತಿದಿತ್ತ್. ಈಗ ಬಿದ್ ಮೇಲ್ ಕಾಂತ್. ಆ ಚೆಂಡೆಲ್ಲ ನಂದೇ ಅಲ್ದಾ?" ಎಂದು ಕೇಳಿದರು.

ಅದು ಕೊಂಕಿನ ಮಾತಲ್ಲ. ಅವರಿಗೆ ನಿಜವಾಗಿಯೂ ತಿಳಿಯಬೇಕಾಗಿತ್ತು. ನಾನು, "ನಿಮ್ ಬದಿಗೇ ಬಂದದ್ದಲ್ದಾ ಅಕ್ಕ" ಎಂದೆ. ಹಾಗೆ ಹೇಳುವಾಗ ನಾನು ಸುಳ್ಳು ಹೇಳುತ್ತಿದ್ದೇನೆ ಎಂದು ನನಗೆ ಅನ್ನಿಸಿರಲಿಲ್ಲ. ಹಲಗೆಯಲ್ಲಿದ್ದದ್ದೇ ನನ್ನ ಬಾಯಲ್ಲೂ ಬಂದದ್ದು.

ಭಾನುವಾರ ಅವರು ಕುಂದಾಪುರಕ್ಕೆ ಹೋಗಿ ಕಣ್ಣು ತೋರಿಸಿಕೊಂಡು ಬಂದರು. ಸೋಮವಾರ ಸ್ಟಾಫ್ ರೂಮಿನಲ್ಲಿ ಪುಸ್ತಕಕ್ಕೆ ಬೈಂಡು ಹಾಕುತ್ತ ನನಗೊಬ್ಬಳಿಗೇ ಹೇಳಿದರು. "ಕನ್ನಡ್ಕ ಸಮಾ ಇತ್ತಂಬ್ರ್. ಕಣ್ಣೂ ಸಮಾ ಇತ್ತಂಬ್ರ್. ಹಂಗಾರೆ ಕೈಯೇ ಸೋತದ್ದ್." ಅವರು ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು. ಅದಾದ ಮೇಲೆ ಅವರು ನೀರಿನ ಲೋಟವನ್ನೂ ಎರಡು ಕೈಯಲ್ಲಿ ಎತ್ತುವುದನ್ನು ನೋಡಿದೆ.

ಆ ವಾರದಲ್ಲೇ ಒಂದು ದಿನ ಮಧ್ಯಾಹ್ನ ಸುರಿದ ಮಳೆ ನಾಲ್ಕು ಗಂಟೆಗೆ ಗಕ್ಕನೆ ನಿಂತಿತು. ಮೈದಾನದ ಸುಣ್ಣದ ಗೆರೆಗಳೆಲ್ಲ ತೊಳೆದು ಹೋಗಿದ್ದವು. ಕೆಂಪು ಮಣ್ಣು ಕಲಸಿದ ಹಿಟ್ಟಿನ ಹಾಗೆ ಮೆತ್ತಗಾಗಿತ್ತು. ತ್ರಾಸಿಯ ಟೀಚರ್ ಅಂದು ಬಂದಿರಲಿಲ್ಲವಾದ್ದರಿಂದ ದೊಡ್ಡ ಟೀಚರ್ ತಮ್ಮ ಹಳೆಯ ಮೂಲೆಯಲ್ಲೇ ನಿಂತರು. ನಮ್ಮ ಎದುರು ಹೈಸ್ಕೂಲಿನ ಗಂಡಸು ಮಾಷ್ಟ್ರುಗಳು ಆಡಿದರು. ಅವರಿಗೂ ನಮ್ಮ ಹಿಂದಿನ ಮೂಲೆಯ ಸಂಗತಿ ಗೊತ್ತಿತ್ತು, ಅಲ್ಲಿಗೇ ಎಸೆದರು. ಚೆಂಡು ಬಿತ್ತು, ಮತ್ತೆ ಬಿತ್ತು. ಮಾಷ್ಟ್ರು ಜಗಲಿಯ ಮೇಲೆ ಗೆರೆ ಎಳೆಯುತ್ತಲೇ ಇದ್ದರು.

ಆಟ ಮುಗಿದ ಮೇಲೆ ಚೆಂಡು ಹೆಕ್ಕಲು ಹಿಂದಕ್ಕೆ ಹೋದ ನಾಯಕಿ ಅಲ್ಲೇ ನಿಂತಳು.

"ಹ್ವಾಯ್ ಮಾಷ್ಟ್ರೆ, ಇಲ್ ಬನಿ. ಇದನ್ ಕಾಣಿ."

ನಾವೂ ಹೋದೆವು. ಚೆಂಡು ಬಿದ್ದಲ್ಲೆಲ್ಲ ಕೆಸರಿನಲ್ಲಿ ದುಂಡಗೆ ಅಚ್ಚು ಮೂಡಿತ್ತು. ನಾನು ನೋಡಿದ್ದನ್ನು ಇದ್ದ ಹಾಗೆ ಹೇಳುತ್ತೇನೆ. ಮೂಲೆಯಲ್ಲಿ ಅಚ್ಚುಗಳಿರಲಿಲ್ಲ. ಅವೆಲ್ಲ ಇದ್ದದ್ದು ಅವರ ಜಾಗಕ್ಕೂ ನನ್ನ ಜಾಗಕ್ಕೂ ನಡುವೆ, ಅದರಲ್ಲೂ ಹೆಚ್ಚಿನವು ನನ್ನ ಬದಿಗೆ. ಮೂಲೆಯಿಂದ ಆ ಅಚ್ಚುಗಳ ಕಡೆಗೆ ಒಂದು ಜೊತೆ ಕಾಲಿನ ಗುರುತುಗಳು ಓಡಿ ಬಂದಿದ್ದವು, ಕೆಲವು ಕಡೆ ಉದ್ದಕ್ಕೆ ಜಾರಿದ್ದವು. ಇನ್ನೊಂದು ಜೊತೆ ಗುರುತುಗಳು ಅಚ್ಚುಗಳಿಂದ ದೂರಕ್ಕೆ ಹೋಗಿದ್ದವು. ಅವುಗಳಲ್ಲಿ ಹಿಮ್ಮಡಿ ಆಳವಾಗಿ ಊರಿತ್ತು, ಬೆರಳುಗಳು ಅಷ್ಟಾಗಿ ಮೂಡಿರಲಿಲ್ಲ. ಹಿಂದೆ ಸರಿದ ಕಾಲಿನ ಗುರುತು ಹಾಗೆಯೇ ಇರುತ್ತದೆ.

"ಇದ್ ಯಾರ್ ಕಾಲ್ ಮಾರಾಯ್ರೆ? ಹಿಂದ್ ಹಿಂದಕ್ಕೇ ಹೋಯಿತ್ತಲೆ" ಎಂದಳು ನಾಯಕಿ.

"ಸಣ್ಣ ಟೀಚರ್ದ್. ಇಷ್ಟ್ ಸಣ್ಣ್ ಕಾಲ್ ಇನ್ಯಾರ್ದ್?" ಎಂದಳು ಇನ್ನೊಬ್ಬಳು.

"ಟೀಚರೆ, ಇಲ್ ನಿತ್ಕಣಿ ಕಾಂಬ" ಎಂದರು ಮಾಷ್ಟ್ರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ನಾನು ಹೋಗಿ ಆ ಗುರುತಿನ ಮೇಲೆ ಕಾಲಿಟ್ಟೆ. ಕಾಲು ಅದರೊಳಗೆ ಸರಿಯಾಗಿ ಕೂತಿತು. ಎಂಟು ಜನ ಹೆಂಗಸರು, ನಾಲ್ಕೈದು ಜನ ಗಂಡಸರು ನನ್ನ ಪಾದವನ್ನೇ ನೋಡುತ್ತಿದ್ದರು. ಏನಾದರೂ ಹೇಳಲೇಬೇಕಿತ್ತು.

"ದೊಡ್ಡ ಟೀಚರ್ ಪಕ್ಕದಲ್ ಇಪ್ಪತಿಗೆ ನಾ ಮುಂದ್ ಹೋಯಿ ಹ್ಯಾಂಗ್ ಕೈ ಹಾಕುದ್? ಅದಕ್ಕೆ ಬಿಟ್ಟ್ ಕೊಟ್ಟೆ" ಎಂದೆ.

"ಚೆಂಡ್ ಎಂತ ಊಟದ್ ಬಾಳಿ ಎಲಿಯಾ ಮಾರಾಯ್ತಿ, ದೊಡ್ಡವರಿಗ್ ಮೊದ್ಲ್ ಹಾಕುಕೆ?" ಎಂದಳು ನಾಯಕಿ. ಎಲ್ಲರೂ ನಕ್ಕರು. ನಾನು ನಗಲು ಹೋದೆ, ಆಗಲಿಲ್ಲ.

ಮಾಷ್ಟ್ರು ಮಾತ್ರ ನಗಲಿಲ್ಲ. ಕುಕ್ಕರಗಾಲಲ್ಲಿ ಕೂತು ಅಚ್ಚುಗಳನ್ನೇ ನೋಡುತ್ತಿದ್ದರು. "ತಪ್ಪ್ ನಂದೇ" ಎಂದರು. "ಯಾರೂ ಮುಟ್ದೇ ಬಿದ್ ಚೆಂಡಿಗೆ ಕೈ ಚಾಚ್ದವರ್ ಹೆಸ್ರಿಗೆ ಗೆರೆ ಹಾಕ್ತ್ ಬಂದೆ. ಚಾಚ್ದೇ ಇದ್ದವರಿಗೆ ಗೆರೆ ಬೀಳುದೇ ಇಲ್ಲ."

ದೊಡ್ಡ ಟೀಚರ್ ಅಚ್ಚುಗಳ ಹತ್ತಿರಕ್ಕೆ ಬಂದರು. ಅವರು ನನ್ನನ್ನು ಬೈಯುತ್ತಾರೆ ಎಂದುಕೊಂಡಿದ್ದೆ, ಬೈದಿದ್ದರೆ ಒಳ್ಳೆಯದಿತ್ತು. ಅವರು ತಮ್ಮ ಜಾರಿದ ಹೆಜ್ಜೆಗಳನ್ನು ಒಂದೊಂದಾಗಿ ನೋಡಿ, ಕೊನೆಗೆ ಕೈಯನ್ನು ಮುಂದೆ ಚಾಚಿ ಬೆರಳು ಮಡಚಿ ಬಿಡಿಸಿ, "ಹಾಂಗಾರೆ ಕೈಯೂ ಸಮಾ ಇತ್ತ್" ಎಂದರು. ಅವರ ಮುಖದಲ್ಲಿ ಆಗ ಕಂಡ ಸಮಾಧಾನವನ್ನು ನಾನು ಮರೆತಿಲ್ಲ. ಅಷ್ಟು ದಿನ ಅವರು ಹೊತ್ತಿದ್ದ ಭಯ ಎಂಥದ್ದು ಎಂಬುದು ಆ ಸಮಾಧಾನದಿಂದಲೇ ನನಗೆ ತಿಳಿದದ್ದು.

ಬಿಟ್ಟುಕೊಟ್ಟದ್ದು ಮರ್ಯಾದೆಯಿಂದಲೇ ಎಂದು ಅಂದು ರಾತ್ರಿಯವರೆಗೂ ನನ್ನೊಳಗೆ ವಾದಿಸಿಕೊಂಡೆ. ಅರ್ಧ ನಿಜ. ಇನ್ನರ್ಧ, ಹಿಡಿಯಲು ಹೋಗಿ ಬೀಳಿಸಿದರೆ ಎಲ್ಲರೂ ನೋಡುತ್ತಾರೆ ಎಂಬ ಹೆದರಿಕೆ. ಮರ್ಯಾದೆ ಎಲ್ಲಿಗೆ ಮುಗಿದು ಹೆದರಿಕೆ ಎಲ್ಲಿಂದ ಶುರುವಾಯಿತು ಎಂದು ಕೇಳಿದರೆ ಇವತ್ತಿಗೂ ಗೆರೆ ಎಳೆದು ತೋರಿಸಲಾರೆ. ಶಾಲೆಯಲ್ಲೂ ನಾನು ಹಾಗೆಯೇ ಇದ್ದೆನೇ ಎಂಬ ಅನುಮಾನ ಆಮೇಲೆ ಬಂತು. ಇನ್‌ಸ್ಪೆಕ್ಟರು ಬಂದಾಗ, ಪೋಷಕರು ಜಗಳಕ್ಕೆ ಬಂದಾಗ, "ದೊಡ್ಡ ಟೀಚರನ್ನ ಕೇಳಿ" ಎಂದು ಎಷ್ಟು ಸಲ ಹಿಂದೆ ಸರಿದಿದ್ದೆ! ಅಲ್ಲಿ ನೆಲ ಗಟ್ಟಿ, ಗುರುತು ಬೀಳುತ್ತಿರಲಿಲ್ಲ.

ಪಟ್ಟಿ ಆಗಲೇ ಆಫೀಸಿಗೆ ಹೋಗಿತ್ತು. ಮೊದಲು ಇಳಿಯುವ ಏಳು ಜನರ ಹೆಸರು ಬದಲಿಸಲು ಬರುವುದಿಲ್ಲ, ನಡುವೆ ಬೇಕಾದರೆ ಒಬ್ಬರನ್ನು ತೆಗೆದು ಇನ್ನೊಬ್ಬರನ್ನು ಇಳಿಸಬಹುದು ಎಂದರು ಮಾಷ್ಟ್ರು. ಮರುದಿನ ಅವರು ಹಲಗೆಯನ್ನು ಪೂರ್ತಿ ಒರೆಸಿ ಹೊಸದಾಗಿ ಬರೆದರು. ಈ ಸಲ ಪ್ರತಿ ಹೆಸರಿನ ಮುಂದೆ ಹಿಡಿದದ್ದು, ತಪ್ಪಿದ್ದು, ಬಿಟ್ಟದ್ದು ಎಂದು ಮೂರು ಮನೆಗಳು. ಎರಡೇ ದಿನದಲ್ಲಿ ನನ್ನ ಹೆಸರಿನ ಮುಂದಿನ ಮೂರನೆಯ ಮನೆ ತುಂಬಿತು. ಮೊದಲನೆಯದರಲ್ಲಿ ಎಷ್ಟು ಕಡಿಮೆ ಗೆರೆಗಳಿದ್ದವೆಂದರೆ, ಇಷ್ಟು ದಿನ ನಾನು ಮೈದಾನದಲ್ಲಿ ಏನು ಮಾಡುತ್ತಿದ್ದೆ ಎಂದು ನನಗೇ ಆಶ್ಚರ್ಯವಾಯಿತು.

ಮಾಷ್ಟ್ರು ನನಗೆ ಒಂದೇ ಪಾಠ ಕೊಟ್ಟರು. ಚೆಂಡು ನಡುವೆ ಬಂದರೆ "ನಂದ್" ಎಂದು ಕೂಗಬೇಕು, ಕೂಗಿದವರೇ ಹೋಗಬೇಕು. ಆ ಎರಡಕ್ಷರ ನನ್ನ ಗಂಟಲಿನಿಂದ ಹೊರಡಲಿಲ್ಲ. ದೊಡ್ಡ ಟೀಚರ ಎದುರು ನಿಂತು ನನ್ನದು ಎಂದು ಕೂಗುವುದು!

"ಗಂಡನ್ ಹತ್ರ ಜಗ್ಳ ಮಾಡುವತಿಗೂ ಇಷ್ಟೇಯಾ ದನಿ?" ಎಂದಳು ನಾಯಕಿ. "ಹಾಂಗಾರೆ ಅವ್ರ್ ಪುಣ್ಯವಂತ್ರ್."

ದೊಡ್ಡ ಟೀಚರೇ ಎದುರು ಬದಿಗೆ ಹೋಗಿ ನಿಂತು ನನ್ನ ಅಕ್ಕಪಕ್ಕಕ್ಕೆ ಚೆಂಡು ಎಸೆದುಕೊಟ್ಟರು. ದಿನಾ ಸಂಜೆ, ಉಳಿದವರು ಸೀರೆ ಉಟ್ಟು ಹೊರಟ ಮೇಲೂ. ನಾನು ಕೂಗಿದೆ, ಓಡಿದೆ, ಬೀಳಿಸಿದೆ, ಕೆಲವನ್ನು ಹಿಡಿದೆ. ನನ್ನ ಗೆರೆಗಳು ಮೂರನೆಯ ಮನೆಯಿಂದ ಎರಡನೆಯದಕ್ಕೂ ಅಲ್ಲಿಂದ ಒಂದಿಷ್ಟು ಮೊದಲನೆಯದಕ್ಕೂ ಸರಿದವು. ಅವರು ಹೊರಗೆ ಕೂರುವವರಾಗಿದ್ದೂ ನನ್ನನ್ನು ಒಳಗೆ ಆಡಲು ತಯಾರು ಮಾಡುತ್ತಿದ್ದಾರೆ ಎಂಬುದು ಪ್ರತಿ ಎಸೆತಕ್ಕೂ ನನಗೆ ನೆನಪಾಗುತ್ತಿತ್ತು. ಹೇಳಬೇಕಾದ ಮಾತು ಇತ್ತು. ಬಸ್ಸಿನಲ್ಲಿ ಎರಡು ಸಲ ಶುರು ಮಾಡಿದೆ. "ಇರ್ಲಿ ಬಿಡ್" ಎಂದು ಅವರು ಕಿಟಕಿಯ ಕಡೆ ತಿರುಗಿದರು.

ಆಟ ಬ್ರಹ್ಮಾವರದಲ್ಲಿ. ಎದುರು ಮತ್ತೆ ಹಿಂದಿನ ವರ್ಷ ನಮ್ಮನ್ನು ಸೋಲಿಸಿದ ಅಲ್ಲಿಯವರೇ. ಮೊದಲ ಸುತ್ತು ಸ್ವಲ್ಪದರಲ್ಲಿ ಕೈತಪ್ಪಿತು. ಎರಡನೆಯದರ ನಡುವೆ ಮಾಷ್ಟ್ರು ತ್ರಾಸಿಯ ಟೀಚರನ್ನು ಹೊರಗೆ ಕರೆದು, "ದೊಡ್ಡ ಟೀಚರ್, ಬನಿ" ಎಂದರು. ಅವರು ಕೈಯಲ್ಲಿದ್ದ ನೀರಿನ ಬಾಟಲಿಯನ್ನು ಹುಲ್ಲಿನ ಮೇಲೆ ಇಟ್ಟು, ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡು, ತಮ್ಮ ಮೂಲೆಗೆ ಬಂದು ನಿಂತರು.

ಮೂರೋ ನಾಲ್ಕೋ ಎಸೆತ ಕಳೆದಿರಬೇಕು. ಚೆಂಡು ಎತ್ತರಕ್ಕೆ ಹೋಗಿ ನಿಧಾನವಾಗಿ ನಮ್ಮಿಬ್ಬರ ನಡುವೆ ಇಳಿಯತೊಡಗಿತು. ಅಷ್ಟು ದಿನ ಕೂಗಿ ಕಲಿತದ್ದು ಅವರು ಪಕ್ಕದಲ್ಲಿ ನಿಂತ ಕೂಡಲೇ ಮರೆತು ಹೋಗಿತ್ತು. ನನ್ನ ಬಾಯಿ ತೆರೆಯಲಿಲ್ಲ. ಹಿಮ್ಮಡಿ ಹಿಂದಕ್ಕೆ ಊರಿದ್ದು ನನಗೇ ಗೊತ್ತಾಯಿತು.

"ನಿಂದ್ ಹೆಣೇ!"

ಶಾಲೆಯ ಅಂಗಳದ ಆ ತುದಿಯಲ್ಲಿದ್ದ ಮಕ್ಕಳನ್ನು ಕರೆಯುವ ದನಿ ಅದು. ಎರಡೂ ತಂಡದವರು ಕೇಳಿದರು, ಹೊರಗೆ ಕೊಡೆ ಹಿಡಿದು ನಿಂತವರೂ ಕೇಳಿ ನಕ್ಕರು. ನಾನು ಮುಂದಕ್ಕೆ ಓಡಿ ಎರಡೂ ಕೈಯಲ್ಲಿ ಹಿಡಿದೆ. ಹಿಡಿದ ಗಾಬರಿಯಲ್ಲೇ ಎಸೆದೆ. ಚೆಂಡು ಬಲೆಯ ಮೇಲಂಚಿಗೆ ತಾಗಿ ನಮ್ಮ ಬದಿಗೇ ಬಿತ್ತು.

ದೊಡ್ಡ ಟೀಚರ್ ನನ್ನ ಬೆನ್ನಿಗೊಂದು ಬಡಿದು, "ನಿಂಗೂ ಗೆರೆ ಬಿತ್ತ್ ಕಾಣ್" ಎಂದರು. ಅವರು ನಗುತ್ತಿದ್ದರು. ಅಲ್ಲಿಂದ ಆಟ ಮುಗಿಯುವವರೆಗೆ ಅವರು ಆಡಿದರು, ತಮ್ಮ ಮೂಲೆಗೆ ಬಂದ ಒಂದು ಚೆಂಡನ್ನೂ ಬಿಡಲಿಲ್ಲ. ನಾವು ಸೋತೆವು. ಅವರ ಪಾಲಿಗೆ ಸಿಕ್ಕಿದ್ದು ಆ ಅರ್ಧ ಸುತ್ತು. ಪೂರ್ತಿ ಆಟ ಅವರದ್ದಾಗಬೇಕಿತ್ತು.

ಸಂಜೆ ಬಸ್ಸು ಹತ್ತಿದಾಗ ಮಳೆ ಹೊಯ್ಯುತ್ತಿತ್ತು. ಎಡಗಡೆ ಇಬ್ಬರ ಸೀಟೊಂದು ಖಾಲಿ ಇತ್ತು. ನಾನು ಎಂದಿನಂತೆ ಸರಿದು ನಿಂತು, ಅವರು ಒಳಗೆ ಹೋಗಲೆಂದು ಜಾಗ ಬಿಟ್ಟೆ.

"ನೀನೇ ಒಳಗ್ ಕೂಕೊ" ಎಂದರು. "ಮರವಂತಿ ಬಂದ್ರೆ ಕಡಲ್ ಬದಿ ಇರ್ಚಲ್ ಹೊಡ್ದ್ ನಾ ಪೂರ ಚಂಡಿ ಆತೆ, ಸೀರಿಯೆಲ್ಲ ನೀರ್. ಒಂದ್ ವಾರಕ್ಕೆ ಶೀತ ಬಿಡುದಿಲ್ಲ."

ನಾನು ಅವರನ್ನೇ ನೋಡಿದೆ. "ಯಾವಾಗಿಂದ ಅಕ್ಕ?"

"ನೀ ಶಾಲಿಗ್ ಬಂದ್ ಲಾಗಾಯ್ತು."

"ಒಂದ್ ಮಾತ್ ಹೇಳುಕಾಗಿದಿತ್ತಲೆ."

"ನೀ ಅಷ್ಟ್ ಮರ್ಯಾದಿ ಕೊಡುವತಿಗೆ ಬ್ಯಾಡ ಅಂಬುದ್ ಹ್ಯಾಂಗ್?"

ನಾನು ಒಳಗೆ ಸರಿದು ಕೂತೆ. ಕಿಟಕಿಯ ಪರದೆ ಅರ್ಧಕ್ಕೆ ಸಿಕ್ಕಿಕೊಂಡಿತ್ತು, ಎಳೆದರೂ ಕೆಳಗೆ ಬರಲಿಲ್ಲ. ಕುಂದಾಪುರ ದಾಟಿತು, ಹೆಮ್ಮಾಡಿ ದಾಟಿತು. ಮರವಂತೆಯಲ್ಲಿ ಕಡಲಿನ ಬದಿಯಿಂದ ಗಾಳಿ ಎದ್ದು ಮಳೆಯನ್ನು ಅಡ್ಡಕ್ಕೆ ತಂದು ನನ್ನ ಮುಖಕ್ಕೆ, ಕುತ್ತಿಗೆಗೆ, ಸೆರಗಿಗೆ ಎರಚಿತು. ದೊಡ್ಡ ಟೀಚರ್ ಪಕ್ಕದಲ್ಲಿ ಒಣ ಸೀರೆಯಲ್ಲಿ ಬೆಚ್ಚಗೆ ಕೂತು, ಚೀಲದಿಂದ ತಮ್ಮ ಟವೆಲನ್ನು ತೆಗೆದು ನನ್ನ ತೊಡೆಯ ಮೇಲಿಟ್ಟರು.